ಅಕ್ಕಿ ಡಬ್ಬದ ಹಿಂದೆ ಸಿಕ್ಕಿದ ಉತ್ತರ ಪತ್ರಿಕೆ: ಮಕ್ಕಳಿಗೆ ಎಂಥ ಗುರಿ ಇಡಬೇಕು?

ಪ್ರಶ್ನೆ: ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಹಳ್ಳಿ. ಮಗಳು ಕನ್ನಡ ಮಾಧ್ಯಮದಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದಾಳೆ. ಏಳನೇ ತರಗತಿವರೆಗೆ ಯಾರೂ ಹೇಳದೆ ತಾನೇ ಓದುತ್ತಿದ್ದಳು. ಗಣಿತದ ಒಗಟು ಸಿಕ್ಕಿದರೆ ಊಟಕ್ಕೂ ಏಳುತ್ತಿರಲಿಲ್ಲ. ಏಳನೇ ತರಗತಿಯ ಯು.ಎಸ್.ಎಸ್. ಸ್ಕಾಲರ್‌ಶಿಪ್ ಪರೀಕ್ಷೆ ಸ್ವಲ್ಪದರಲ್ಲಿ ತಪ್ಪಿತು. ಕಳೆದ ವರ್ಷ ಪಕ್ಕದ ಮನೆಯ ಹುಡುಗನಿಗೆ ಎಸ್ಸೆಸ್ಸೆಲ್ಸಿಯಲ್ಲಿ ಫುಲ್ ಎ ಪ್ಲಸ್, ಅಂದರೆ ಎಲ್ಲ ಪೇಪರಿನಲ್ಲೂ ಎ ಪ್ಲಸ್ ಬಂತು. ಪೇಟೆಯಲ್ಲಿ ಫ್ಲೆಕ್ಸ್ ಹಾಕಿದರು. ಅದನ್ನು ನೋಡಿ ಬಂದ ಇವಳ ಅಪ್ಪ 'ನಿನ್ನ ಗುರಿ ಫುಲ್ ಎ ಪ್ಲಸ್' ಎಂದು ದೊಡ್ಡದಾಗಿ ಬರೆದು ಮೇಜಿನ ಎದುರು ಅಂಟಿಸಿದರು. ಈಗ ಅವಳು ಹಿಂದಿನ ವರ್ಷದವರ ನೋಟ್ಸ್ ಬಾಯಿಪಾಠ ಮಾಡುತ್ತಾಳೆ. ಶಾಲೆಯ ಗಣಿತ ಕ್ವಿಜ್‌ಗೆ ಹೆಸರು ಕೊಡಲಿಲ್ಲ. ಓಣಂ ಪರೀಕ್ಷೆಯ ಗಣಿತ ಪೇಪರ್ ಇನ್ನೂ ಕೊಟ್ಟಿಲ್ಲ ಎಂದು ಹೇಳುತ್ತಿದ್ದಳು. ಮೊನ್ನೆ ಅದು ಅಕ್ಕಿ ಡಬ್ಬದ ಹಿಂದೆ ಸಿಕ್ಕಿತು. 80ಕ್ಕೆ 43. ಬದಿಯಲ್ಲಿ ಮಾಡಿದ್ದ ರಫ್ ಲೆಕ್ಕವನ್ನೆಲ್ಲ ಕಾಗದ ಹರಿಯುವಷ್ಟು ಉಜ್ಜಿ ಅಳಿಸಿದ್ದಾಳೆ. ಗುರಿ ಇಟ್ಟದ್ದೇ ತಪ್ಪಾಯಿತೇ? ಸುಮ್ಮನೆ ಅವಳಷ್ಟಕ್ಕೆ ಬಿಡಬೇಕೇ? ಆರನೇ ತರಗತಿಯ ತಮ್ಮನಿಗೆ ಯಾವ ಗುರಿಯೂ ಇಲ್ಲ, ಅವನು ಓದುವುದೂ ಇಲ್ಲ. ಪೇಪರ್ ಸಿಕ್ಕಿದ್ದನ್ನು ಅವಳಿಗೆ ಹೇಳಲೋ ಬೇಡವೋ ಎಂದೂ ತಿಳಿಯುತ್ತಿಲ್ಲ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡು ಸಲವೂ ನನ್ನ ಕಣ್ಣು ನಿಂತದ್ದು 43ರ ಮೇಲಲ್ಲ, ಆ ಉಜ್ಜಿ ಅಳಿಸಿದ ರಫ್ ಲೆಕ್ಕದ ಮೇಲೆ. ನಾನು ಕಾಸರಗೋಡಿನ ಶಾಲೆಗಳಲ್ಲಿ ಬಹಳ ವರ್ಷ ಗಣಿತ ಕಲಿಸಿದವಳು. ಈಗ ಮಕ್ಕಳು ಮತ್ತು ಅಪ್ಪ ಅಮ್ಮಂದಿರ ಜೊತೆ ಕೂತು ಮಾತಾಡುವ ಕೆಲಸ ಮಾಡುತ್ತೇನೆ. ಓದದ ಮಗು ರಫ್ ಲೆಕ್ಕ ಮಾಡುವುದೇ ಇಲ್ಲ. ಸೋಮಾರಿ ಮಗು ಅದನ್ನು ಹಾಗೇ ಬಿಟ್ಟುಹೋಗುತ್ತದೆ. ಅಳಿಸುವುದು, ತನಗೆ ಎಲ್ಲಿ ಗೊತ್ತಾಗಲಿಲ್ಲ ಎಂಬುದು ಬೇರೆಯವರ ಕಣ್ಣಿಗೆ ಬೀಳಬಾರದು ಎಂದುಕೊಳ್ಳುವ ಮಗು. ನಿಮ್ಮ ಮಗಳ ಆಸಕ್ತಿ ಸತ್ತಿಲ್ಲ. ಅವಳ ಗುರಿ ಬದಲಾಗಿದೆ, ಅಷ್ಟೇ. ಅದೂ ಗೋಡೆಯ ಮೇಲೆ ಬರೆದ ಗುರಿಯಲ್ಲ, ಅವಳ ಮನಸ್ಸಿನೊಳಗಿನ ಗುರಿ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಂದೇ ಬೆಂಚಿನಲ್ಲಿ ಕೂತು ಒಂದೇ ಲೆಕ್ಕ ಮಾಡುವ ಮೂರು ಮಕ್ಕಳ ಮನಸ್ಸಲ್ಲಿ ಮೂರು ಬೇರೆ ಗುರಿ ಇರಬಹುದು. ಒಬ್ಬಳಿಗೆ 'ಇದು ನನಗೆ ಅರ್ಥ ಆಗಬೇಕು' ಅಂತ. ಇನ್ನೊಬ್ಬಳಿಗೆ 'ಎಲ್ಲರಿಗಿಂತ ಮೊದಲು ಮಾಡಿ ತೋರಿಸಬೇಕು' ಅಂತ. ಮೂರನೆಯವಳಿಗೆ 'ನನಗೆ ಬರುವುದಿಲ್ಲ ಅಂತ ಯಾರಿಗೂ ಗೊತ್ತಾಗಬಾರದು' ಅಂತ. ಕಲಿಯುವ ಗುರಿ, ತೋರಿಸುವ ಗುರಿ, ತಪ್ಪಿಸಿಕೊಳ್ಳುವ ಗುರಿ ಎನ್ನೋಣ. ಮೊದಲ ಎರಡು ಬೇರೆ ಬೇರೆ ಎಂದು 1980ರ ದಶಕದಲ್ಲಿ ಕ್ಯಾರಲ್ ಡ್ವೆಕ್, ಜಾನ್ ನಿಕೋಲ್ಸ್ ಮುಂತಾದ, ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ಮನಶ್ಶಾಸ್ತ್ರಜ್ಞರು ತೋರಿಸಿದರು. ಮೂರನೆಯದನ್ನು ಎರಡನೆಯದರಿಂದ ಬಿಡಿಸಿ ನೋಡಬೇಕು ಎಂದು 1990ರ ದಶಕದಲ್ಲಿ ಆಂಡ್ರ್ಯೂ ಎಲಿಯಟ್ ಮತ್ತು ಜೊತೆಯವರು ಹೇಳಿದರು. ನನ್ನ ಕೆಲಸದಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ಕೊನೆಯ ಮಾತೇ.

ಯಾಕೆಂದರೆ ನಮ್ಮಲ್ಲಿ ಎರಡು ತಪ್ಪು ನಂಬಿಕೆ ಓಡಾಡುತ್ತವೆ. 'ಗುರಿ ದೊಡ್ಡದಿದ್ದಷ್ಟೂ ಮಗು ಮುಂದೆ ಬರುತ್ತದೆ' ಎನ್ನುವುದು ಒಂದು. 'ಮಾರ್ಕಿನ ಗುರಿ ಇಡುವುದೇ ಪಾಪ, ಮಕ್ಕಳನ್ನು ಅವರಷ್ಟಕ್ಕೆ ಬಿಡಬೇಕು' ಎನ್ನುವುದು ಇನ್ನೊಂದು. ಎರಡರಲ್ಲೂ ಅರ್ಧ ನಿಜ ಇದೆ, ಅದಕ್ಕೇ ಎರಡೂ ಹೋಗುವುದಿಲ್ಲ.

ಎರಡನೆಯದನ್ನು ಮೊದಲು ನೋಡೋಣ. ಒಳ್ಳೆಯ ಮಾರ್ಕ್ ತೆಗೆಯಬೇಕು, ಗೆಲ್ಲಬೇಕು ಎನ್ನುವ ಮಕ್ಕಳು ಸಾಮಾನ್ಯವಾಗಿ ಮಾರ್ಕ್ ತೆಗೆಯುತ್ತಾರೆ. ಸಂಶೋಧನೆಗಳಲ್ಲೂ ಇದು ಮತ್ತೆ ಮತ್ತೆ ಕಂಡಿದೆ. ಆ ವಿಷಯದ ಮೇಲೆ ಪ್ರೀತಿ ಉಳಿದು ಮುಂದೆಯೂ ಅದನ್ನೇ ಓದುವುದು ಹೆಚ್ಚಾಗಿ ಕಲಿಯುವ ಗುರಿ ಇದ್ದವರಲ್ಲಿ. ಎರಡೂ ಒಟ್ಟಿಗೆ ಇರಬಹುದು, ಇದ್ದರೆ ಒಳ್ಳೆಯದೇ. ಹಾಗಾಗಿ ಎ ಪ್ಲಸ್ ಬೇಕು ಎಂದು ಆಸೆ ಪಟ್ಟ ಅಪ್ಪನನ್ನು ಅಪರಾಧಿ ಮಾಡಬೇಡಿ. ಕಷ್ಟ ಇರುವುದು ಮುಂದಿನ ಮೆಟ್ಟಿಲಲ್ಲಿ. ತೋರಿಸುವ ಗುರಿ ಇಟ್ಟುಕೊಂಡ ಮಗು ಒಂದೆರಡು ಸಲ ಎಡವಿ, 'ನನ್ನಿಂದ ಆಗುವುದಿಲ್ಲವೇನೋ' ಎಂಬ ಅನುಮಾನ ಹೊಕ್ಕಿತೋ, ಅದೇ ಗುರಿ ತಪ್ಪಿಸಿಕೊಳ್ಳುವ ಗುರಿಯಾಗಿ ತಿರುಗಿಬಿಡುತ್ತದೆ. ನಿಮ್ಮ ಮಗಳಿಗೆ ಯು.ಎಸ್.ಎಸ್. ತಪ್ಪಿದ್ದು ಮೊದಲ ಎಡವು. ಫ್ಲೆಕ್ಸ್ ಬಂದದ್ದು ಅದರ ಮೇಲೆ.

ಇನ್ನು ಗುರಿ ದೊಡ್ಡದಿದ್ದಷ್ಟೂ ಒಳ್ಳೆಯದು ಎನ್ನುವ ಮಾತು. ಇದಕ್ಕೆ ಬಲವಾದ ಆಧಾರ ಇದೆ. ಎಡ್ವಿನ್ ಲಾಕ್ ಮತ್ತು ಗ್ಯಾರಿ ಲೇಥಮ್ ಎಂಬಿಬ್ಬರು ಗುರಿಗಳ ಬಗ್ಗೆ ಜೀವಮಾನವಿಡೀ ಕೆಲಸ ಮಾಡಿದವರು. 1975ರಲ್ಲಿ ಪ್ರಕಟವಾದ ಲೇಥಮ್ ಅವರ ಒಂದು ಅಧ್ಯಯನ ಲಾರಿಗೆ ಮರದ ದಿಮ್ಮಿ ತುಂಬುವ ಕೆಲಸದ ಮೇಲೆ. ಕಾನೂನು ಒಪ್ಪುವ ತೂಕದ ಸುಮಾರು 60 ಶೇಕಡ ಮಾತ್ರ ತುಂಬಿ ಲಾರಿಗಳು ಹೋಗುತ್ತಿದ್ದವು. '94 ಶೇಕಡ ತುಂಬಿ' ಎಂದು ನಿಖರವಾದ ಗುರಿ ಕೊಟ್ಟ ಮೇಲೆ ಕೆಲವು ತಿಂಗಳಲ್ಲಿ 90 ದಾಟಿತು. ಕೂಲಿ ಜಾಸ್ತಿ ಮಾಡಿರಲಿಲ್ಲ. ಗುರಿ ಕೊಟ್ಟದ್ದು ಮಾತ್ರ. ಆದರೆ ನೋಡಿ, ದಿಮ್ಮಿ ತುಂಬಲು ಆ ಕೆಲಸಗಾರರಿಗೆ ಮೊದಲೇ ಬರುತ್ತಿತ್ತು. ಬರುವ ಕೆಲಸಕ್ಕೆ ದೊಡ್ಡ ಗುರಿ ಚುರುಕು ಕೊಡುತ್ತದೆ. ಹೊಸದಾಗಿ ಕಲಿಯುತ್ತಿರುವ, ತೊಡಕಿನ ಕೆಲಸಕ್ಕೆ ಅದೇ ಗುರಿ ಭಾರ ಆಗುತ್ತದೆ. 'ಇಷ್ಟು ಮಾರ್ಕ್' ಎನ್ನುವುದಕ್ಕಿಂತ 'ಇದನ್ನು ಮಾಡುವ ಎರಡು ಮೂರು ದಾರಿ ಕಂಡುಕೊಳ್ಳಬೇಕು' ಎನ್ನುವ ಗುರಿ ಅಲ್ಲಿ ಹೆಚ್ಚು ಕೆಲಸ ಮಾಡುತ್ತದೆ ಎಂದು ಹೇಳಿದವರೂ ಮುಂದೆ ಇದೇ ಲೇಥಮ್ ಮತ್ತು ಜೊತೆಯವರೇ. ಒಂಬತ್ತನೇ ತರಗತಿಯ ಗಣಿತ ದಿಮ್ಮಿ ತುಂಬುವ ಕೆಲಸ ಅಲ್ಲವಲ್ಲ.

ಫುಲ್ ಎ ಪ್ಲಸ್ ಎನ್ನುವ ಗುರಿಯಲ್ಲಿ ಇನ್ನೊಂದು ತೊಂದರೆ ಇದೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ಎಸ್ಸೆಸ್ಸೆಲ್ಸಿಯಲ್ಲಿ ಎಲ್ಲ ಹತ್ತು ಪೇಪರಿನಲ್ಲೂ 90 ಶೇಕಡ ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮಾತ್ರ 'ಫುಲ್'. ಒಂಬತ್ತರಲ್ಲಿ ಅಷ್ಟು ಬಂದು ಒಂದರಲ್ಲಿ 89 ಬಂದರೂ ಫುಲ್ ಹೋಯಿತು. ಒಂದು ವರ್ಷ ಫಲಿತಾಂಶ ಬಂದ ಸಂಜೆ ಒಬ್ಬಳು ಹುಡುಗಿ ನನಗೆ ಫೋನ್ ಮಾಡಿದಳು. 'ಟೀಚರ್, ಒಂಬತ್ತೇ ಬಂದದ್ದು' ಎಂದಳು. ಆಮೇಲೆ ಮಾತೇ ಬರಲಿಲ್ಲ, ಅಳು ಮಾತ್ರ. ಒಂಬತ್ತು ಎ ಪ್ಲಸ್ ಬಂದ ಮಗು ಸೋತವಳ ಹಾಗೆ ಅಳುತ್ತಿದ್ದಳು. ಈ ಗುರಿಯಲ್ಲಿ ಗೆಲುವು ಒಂದೇ ಒಂದು, ಮುರಿಯುವುದಕ್ಕೆ ಹತ್ತು ಜಾಗ. ಗಣಿತದಲ್ಲಿ 43 ಬಂದ ದಿನವೇ ನಿಮ್ಮ ಮಗಳ ಲೆಕ್ಕದಲ್ಲಿ ಅದು ಮುರಿದಾಗಿದೆ. ಆಮೇಲೆ ಉಳಿದದ್ದು ಮುಚ್ಚಿಡುವ ಕೆಲಸ ಮಾತ್ರ.

ತಪ್ಪಿಸಿಕೊಳ್ಳುವ ಗುರಿ ಓದಿನ ಮೇಲೆ ಏನು ಮಾಡುತ್ತದೆ ಎಂದು ನೀವೇ ಬರೆದಿದ್ದೀರಿ. ಕ್ವಿಜ್‌ಗೆ ಹೆಸರು ಕೊಡುವುದಿಲ್ಲ, ಸೋತರೆ ಗೊತ್ತಾಗುತ್ತದಲ್ಲ. ಗೊತ್ತಾಗದ್ದನ್ನು ಕೇಳುವುದಿಲ್ಲ, ಕೇಳಿದರೆ ದಡ್ಡಿ ಅಂದುಕೊಂಡಾರು. ಬಾಯಿಪಾಠ ಮಾಡುತ್ತಾಳೆ, ಬೇರೆಯವರು ಬರೆದ ಉತ್ತರದಲ್ಲಿ ತನ್ನ ತಪ್ಪು ಇರುವುದಿಲ್ಲ. ಪರೀಕ್ಷೆಯಲ್ಲೂ ಇದು ಕಾಣುತ್ತದೆ. ಪ್ರಶ್ನೆ ಪತ್ರಿಕೆ ಕೊಟ್ಟ ಮೇಲೆ ನಮ್ಮಲ್ಲಿ 15 ನಿಮಿಷ ಕೂಲ್ ಆಫ್ ಟೈಮ್ ಇದೆ, ಬರೆಯುವ ಹಾಗಿಲ್ಲ, ಓದಿ ಯೋಚಿಸಲು. ಕಲಿಯುವ ಮನಸ್ಸಿನ ಮಗು ಆ ಹೊತ್ತಿನಲ್ಲಿ ತನಗೆ ಬರುವ ಲೆಕ್ಕ ಹುಡುಕುತ್ತದೆ. ಹೆದರಿದ ಮಗು ಬಾರದ್ದನ್ನು ಹುಡುಕುತ್ತದೆ. ಬೆಲ್ ಆಗುವಾಗ ಕೈ ಬೆವರಿರುತ್ತದೆ. ಬರುತ್ತಿದ್ದ ಲೆಕ್ಕವೂ ಆಗ ತಪ್ಪುತ್ತದೆ.

ಕನ್ನಡ ಮಾಧ್ಯಮದ ಮಕ್ಕಳ ಅಪ್ಪ ಅಮ್ಮಂದಿರಿಗೆ ಒಂದು ಮಾತು ಬೇರೆಯಾಗಿಯೇ ಹೇಳಬೇಕು. ಇನ್ನು ಎರಡು ವರ್ಷಕ್ಕೆ ನಿಮ್ಮ ಮಗಳು ಪ್ಲಸ್ ವನ್‌ಗೆ, ಅಂದರೆ ಹನ್ನೊಂದನೇ ತರಗತಿಗೆ ಹೋಗುತ್ತಾಳೆ. ಸಯನ್ಸ್ ತಗೊಂಡರೆ ಪಾಠ ಇಂಗ್ಲಿಷಿನಲ್ಲಿ, ಟೀಚರ್ ವಿವರಿಸುವುದು ಹಲವು ಕಡೆ ಮಲಯಾಳದಲ್ಲಿ. 'ಜಡತ್ವ' ಇನರ್ಷಿಯಾ ಆಗುತ್ತದೆ, 'ದ್ಯುತಿಸಂಶ್ಲೇಷಣೆ' ಫೋಟೋಸಿಂಥೆಸಿಸ್ ಆಗುತ್ತದೆ. ಬಾಯಿಪಾಠ ಮಾಡಿದ ಉತ್ತರ ಆ ಗಡಿ ದಾಟುವುದಿಲ್ಲ, ಅದು ಕನ್ನಡ ವಾಕ್ಯದ ಜೊತೆಗೇ ಹಿಂದೆ ಉಳಿಯುತ್ತದೆ. ಬಸ್ ಬ್ರೇಕ್ ಹಾಕಿದಾಗ ನಿಂತವರು ಯಾಕೆ ಮುಂದಕ್ಕೆ ವಾಲುತ್ತಾರೆ ಎಂದು ನಿಜವಾಗಿ ಅರ್ಥ ಮಾಡಿಕೊಂಡ ಮಗುವಿಗೆ ಇನರ್ಷಿಯಾ ಒಂದು ಹೊಸ ಹೆಸರು, ಅಷ್ಟೇ. ಹತ್ತನೇಯಲ್ಲಿ ಎ ಪ್ಲಸ್ ತಗೊಂಡು ಪ್ಲಸ್ ವನ್‌ನ ಮೊದಲ ಮೂರು ತಿಂಗಳಲ್ಲಿ 'ನನಗೇನೂ ಬರುವುದಿಲ್ಲ' ಎಂದು ಕುಸಿದ ಮಕ್ಕಳು ನನ್ನ ಹತ್ತಿರ ಬಂದಿದ್ದಾರೆ. ಬಿ ಪ್ಲಸ್ ತಗೊಂಡೂ ಗಟ್ಟಿಯಾಗಿ ನಿಂತವರೂ ಇದ್ದಾರೆ. ಎಲ್ಲರಿಗಿಂತ ಜಾಸ್ತಿ ನಮ್ಮ ಮಕ್ಕಳಿಗೇ ಕಲಿಯುವ ಗುರಿಯ ಅಗತ್ಯ ಇದೆ ಎಂದು ನಾನು ಹೇಳುವುದು ಇದಕ್ಕೇ.

ಈಗ ನಿಮ್ಮ ಮುಂದಿರುವ ದಾರಿಗಳು.

'ಸುಮ್ಮನೆ ಬಿಡಲೇ' ಎಂದು ಕೇಳಿದ್ದೀರಿ. ಒತ್ತಡ ತಕ್ಷಣ ಇಳಿಯುತ್ತದೆ, ಅದು ನಿಜ. ಆದರೆ ಅಪ್ಪ ಅಂಟಿಸಿದ ಕಾಗದ ಒಂದು ದಿನ ಗೋಡೆಯಿಂದ ಮಾಯವಾಗಿ, ಯಾರೂ ಏನೂ ಹೇಳದಿದ್ದರೆ ಅವಳು ಏನಂದುಕೊಂಡಾಳು? 'ನನ್ನ ಮೇಲಿನ ಭರವಸೆ ಬಿಟ್ಟರು' ಎಂದೇ ಅಲ್ವಾ? ಹಾಗಾಗಿ ಅದನ್ನು ತೆಗೆಯುವುದಾದರೆ ಅಪ್ಪನೇ, ಅವಳ ಎದುರಿಗೇ, ಮಾತಾಡಿ ತೆಗೆಯಬೇಕು.

ಗುರಿ ಹಾಗೇ ಇಟ್ಟು ಟ್ಯೂಷನ್ ಸೇರಿಸುವುದು ಹೆಚ್ಚಿನ ಮನೆಗಳು ಹಿಡಿಯುವ ದಾರಿ. ನಿಜವಾಗಿ ಪಾಠ ಅರ್ಥ ಆಗದೆ ಹಿಂದೆ ಬಿದ್ದವರಿಗೆ ಒಳ್ಳೆಯ ಟ್ಯೂಷನ್‌ನಿಂದ ಸಹಾಯ ಆಗುತ್ತದೆ. ಮುಚ್ಚಿಡುವ ಮಗುವಿಗೆ ಮುಚ್ಚಿಡಲು ಇನ್ನೊಂದು ಜಾಗ ಸಿಕ್ಕಿದ ಹಾಗಾಗುತ್ತದೆ. 'ಎ ಪ್ಲಸ್ ಬಂದರೆ ಮೊಬೈಲ್' ಎನ್ನುವುದೂ ಇದೇ ಜಾತಿಯದು. ಚಿತ್ರ ಬಿಡಿಸುವುದೇ ಇಷ್ಟವಾಗಿದ್ದ ಪುಟ್ಟ ಮಕ್ಕಳಿಗೆ 'ಬಿಡಿಸಿದರೆ ಬಹುಮಾನ' ಎಂದು ಮೊದಲೇ ಹೇಳಿದಾಗ, ಆಮೇಲೆ ಅವರು ತಾವಾಗಿ ಚಿತ್ರ ಬಿಡಿಸುವುದು ಕಡಿಮೆಯಾದದ್ದನ್ನು 1973ರಲ್ಲೇ ಮಾರ್ಕ್ ಲೆಪ್ಪರ್ ಮತ್ತು ಜೊತೆಯವರು ತೋರಿಸಿದ್ದಾರೆ. ಒಗಟಿಗಾಗಿ ಊಟ ಬಿಡುತ್ತಿದ್ದ ಹುಡುಗಿಗೆ ಮೊಬೈಲಿನ ಆಸೆ ತೋರಿಸಬೇಡಿ.

ನಾನು ಹೇಳುವುದು ಮೂರನೆಯ ದಾರಿ. ಎ ಪ್ಲಸ್ ಅದರ ಪಾಡಿಗೆ ದೂರದಲ್ಲಿರಲಿ. ದಿನದ ಗುರಿ ಬೇರೆ ಮಾಡಿ, ಹತ್ತಿರದ್ದು, ಅವಳ ಕೈಯಲ್ಲಿರುವುದು.

ನಮ್ಮ ಕಡೆ ಗುಡ್ಡದ ಬದಿಯಲ್ಲಿ ಸುರಂಗ ಕೊರೆಯುವುದನ್ನು ನೋಡಿದ್ದೀರಲ್ಲ. ಬೇಕಾದದ್ದು ನೀರು. ಆದರೆ ಲೆಕ್ಕ ಕೋಲಿನದ್ದು, ಕೊರೆದ ಉದ್ದ ಅಳೆಯುವ ಅಳತೆಯದ್ದು. ಸಂಜೆ ಮೈಯೆಲ್ಲ ಕೆಂಪು ಮಣ್ಣಾಗಿ ಹೊರಗೆ ಬಂದವರನ್ನು ನನ್ನ ಅಜ್ಜ 'ನೀರು ಯಾವಾಗ' ಎಂದು ಕೇಳಿದ್ದು ನನಗೆ ನೆನಪಿಲ್ಲ. 'ಎಷ್ಟು ಕೋಲಾಯಿತು? ಮಣ್ಣು ತಂಪುಂಟಾ?' ಎಂದು ಕೇಳುತ್ತಿದ್ದರು. ಇವತ್ತಿನ ಕೋಲು ಕೊರೆಯುವವರ ಕೈಯಲ್ಲಿದೆ. ನೀರು ಗುಡ್ಡದ ಕೈಯಲ್ಲಿದೆ.

ಮಕ್ಕಳ ಗಣಿತದಲ್ಲೂ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. 1981ರಲ್ಲಿ ಆಲ್ಬರ್ಟ್ ಬಂಡೂರ ಮತ್ತು ಡೇಲ್ ಶಂಕ್ ಕಳೆಯುವ ಲೆಕ್ಕದಲ್ಲಿ ಹಿಂದಿದ್ದ, ಗಣಿತ ಎಂದರೆ ಬೇಡ ಎನ್ನುತ್ತಿದ್ದ ಮಕ್ಕಳಿಗೆ 42 ಪುಟದ ಅಭ್ಯಾಸ ಕೊಟ್ಟರು. ಏಳು ಸಲ ಕೂತು ಮುಗಿಸಬೇಕು. ಒಂದು ಗುಂಪಿಗೆ 'ಪ್ರತಿ ಸಲ ಆರು ಪುಟ' ಎಂದರು. ಇನ್ನೊಂದಕ್ಕೆ 'ಕೊನೆಗೆ 42 ಮುಗಿದರೆ ಸರಿ' ಎಂದರು. ಮತ್ತೊಂದಕ್ಕೆ ಗುರಿ ಹೇಳಲಿಲ್ಲ. ಆರು ಪುಟದವರು ಹೆಚ್ಚು ಕಲಿತರು. ಆಮೇಲೆ ಯಾರೂ ಹೇಳದೆ ತಾವಾಗಿ ಲೆಕ್ಕ ಮಾಡುತ್ತಿದ್ದರು. 42 ಎಂಬ ದೂರದ ಗುರಿ ಸಿಕ್ಕಿದವರಿಗೂ ಗುರಿಯೇ ಇಲ್ಲದವರಿಗೂ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ.

ಮನೆಯಲ್ಲಿ ಇದು ಹೀಗಿರಬಹುದು. ಸಮೀಕರಣದ ಪಾಠ ನಡೆಯುತ್ತಿದೆ ಎಂದುಕೊಳ್ಳಿ. 'ಇವತ್ತು ಅಭ್ಯಾಸ ಪೂರ್ತಿ ಮುಗಿಸು' ಎನ್ನುವುದರ ಬದಲು, 'ಎರಡು ಪೆನ್ನು ಮೂರು ಪುಸ್ತಕದ ಲೆಕ್ಕವನ್ನು ತಮ್ಮನಿಗೆ ತಿಳಿಯುವ ಹಾಗೆ ಹೇಳಿಕೊಡಬೇಕು' ಎನ್ನುವುದು ಗುರಿ. ಹೇಳಿಕೊಡುವಾಗ ತೊದಲಿದ ಜಾಗವೇ ನಾಳೆ ಟೀಚರ ಹತ್ತಿರ ಕೇಳಬೇಕಾದ ಪ್ರಶ್ನೆ. ತಮ್ಮನೂ ಪಕ್ಕದಲ್ಲಿ ಕೂತ ಹಾಗಾಯಿತು. ಅವನದ್ದು ಬೇರೆ ಕಥೆ, ಹೆದರಿಕೆ ಇಲ್ಲ, ಅಭ್ಯಾಸ ಇಲ್ಲ. ಅವನಿಗೆ ದೊಡ್ಡ ಗುರಿ ಬೇಡ, ಹೊತ್ತು ಮತ್ತು ಜಾಗ ಗೊತ್ತು ಮಾಡಿ. 'ಸಂಜೆ ಚಾ ಕುಡಿದ ಕೂಡಲೇ ಜಗಲಿಯಲ್ಲಿ ಕೂತು ಇಪ್ಪತ್ತು ನಿಮಿಷ' ಎನ್ನುವಂತೆ. 'ಇದಾದ ಕೂಡಲೇ ಅದು' ಎಂದು ಕಟ್ಟಿದ ಕೆಲಸ 'ಇನ್ನು ಚೆನ್ನಾಗಿ ಓದುತ್ತೇನೆ' ಎನ್ನುವ ಮಾತಿಗಿಂತ ಜಾಸ್ತಿ ನಡೆಯುತ್ತದೆ. ಆರನೇ ತರಗತಿಗೆ ಇಷ್ಟು ಸಾಕು.

ಮಗಳಿಗೆ ಒಂದು ರಫ್ ಪುಸ್ತಕ ಕೊಡಿ. ರಬ್ಬರ್ ಮುಟ್ಟುವ ಹಾಗಿಲ್ಲ, ತಪ್ಪಾದರೆ ಒಂದು ಗೀಟು ಎಳೆದು ಮುಂದೆ ಹೋಗಬೇಕು. ವಾರಕ್ಕೊಂದು ಸಲ ಅದರಲ್ಲಿ ಒಂದು ಒಳ್ಳೆಯ ತಪ್ಪು ಹುಡುಕಿ ಅವಳೇ ನಿಮಗೆ ತೋರಿಸಲಿ. ಶುರುವಿಗೆ ಮುಜುಗರ ಪಡುತ್ತಾಳೆ. ನೀವು ಮುಖ ಸಣ್ಣ ಮಾಡದಿದ್ದರೆ ಎರಡು ಮೂರು ವಾರದಲ್ಲಿ ಸಡಿಲ ಆಗುತ್ತಾಳೆ.

ಹೊಗಳುವಾಗಲೂ ನೋಡಿಕೊಳ್ಳಿ. 'ನೀನು ಬುದ್ಧಿವಂತೆ' ಎಂದು ಚಿಕ್ಕಂದಿನಿಂದ ಹೇಳುತ್ತಾ ಬಂದಿದ್ದೀರಿ ಎಂದು ನನ್ನ ಊಹೆ. ನಾವೆಲ್ಲ ಹೇಳುತ್ತೇವೆ, ಪ್ರೀತಿಯಿಂದಲೇ. 1998ರಲ್ಲಿ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ ಐದನೇ ತರಗತಿಯ ಮಕ್ಕಳ ಜೊತೆ ಮಾಡಿದ ಪ್ರಯೋಗದಲ್ಲಿ, ಬುದ್ಧಿಯನ್ನು ಹೊಗಳಿಸಿಕೊಂಡವರು ಮುಂದೆ ಸುಲಭದ ಲೆಕ್ಕ ಆರಿಸಿದರು, ಕಷ್ಟದ್ದು ಬಂದಾಗ ಬೇಗ ಕೈಬಿಟ್ಟರು. ಬಂದ ಮಾರ್ಕನ್ನು ಬೇರೆ ಮಕ್ಕಳಿಗೆ ತಿಳಿಸಬೇಕಾದಾಗ ಸುಳ್ಳು ಬರೆದವರೂ ಅವರಲ್ಲೇ ಹೆಚ್ಚು. ಅಕ್ಕಿ ಡಬ್ಬದ ಹಿಂದಿನ ಪೇಪರಿನ ವಿಷಯ ಓದಿದಾಗ ನನಗೆ ಆ ಪ್ರಯೋಗ ನೆನಪಾಯಿತು. ಆ ಮಕ್ಕಳು ಕೆಟ್ಟವರಲ್ಲ. ಬುದ್ಧಿವಂತೆ ಎಂಬ ಹೆಸರು ಉಳಿಸಿಕೊಳ್ಳಬೇಕಿತ್ತು. ಅವಳು ಮಾಡಿದ್ದನ್ನು ಹೆಸರಿಟ್ಟು ಹೇಳಿ. 'ಮೊದಲ ದಾರಿ ಬರದಿದ್ದಾಗ ಚಿತ್ರ ಬರೆದು ನೋಡಿದೆಯಲ್ಲ, ಅದು ಒಳ್ಳೆಯದಾಯಿತು' ಎನ್ನುವ ಹಾಗೆ. ಸುಮ್ನೆ 'ತುಂಬಾ ಕಷ್ಟಪಟ್ಟೆ' ಎಂದರೆ ಒಂಬತ್ತನೇ ತರಗತಿಯ ಹುಡುಗಿಗೆ ಅದು ಸಮಾಧಾನದ ಮಾತು ಎಂದು ತಿಳಿದುಬಿಡುತ್ತದೆ.

ಈ ದಾರಿಗೂ ಅಪಾಯ ಇದೆ, ಮುಚ್ಚಿಡುವುದಿಲ್ಲ. ಕ್ರಿಸ್ಮಸ್ ಪರೀಕ್ಷೆಯಲ್ಲಿ ಮಾರ್ಕ್ ಇನ್ನೂ ಇಳಿಯಬಹುದು. ಬಾಯಿಪಾಠ ಬಿಟ್ಟು ಅರ್ಥ ಮಾಡಿಕೊಳ್ಳಲು ಹೊರಟವರು ಮೊದಲು ನಿಧಾನ ಆಗುತ್ತಾರೆ. ಆಗ ಮನೆಯಲ್ಲಿ ಧೈರ್ಯ ಕೆಟ್ಟು ಹಳೆಯ ಕಾಗದ ಮತ್ತೆ ಅಂಟಿಸಿದರೆ ಅವಳು ಎರಡನೇ ಸಲ ಈ ದಾರಿಯನ್ನು ನಂಬುವುದಿಲ್ಲ. ಇನ್ನೊಂದು, ಕಲಿಯುವ ಖುಷಿಗೆ ಬಿದ್ದ ಮಕ್ಕಳು ಇಷ್ಟದ ಪಾಠದಲ್ಲೇ ಕೂತುಬಿಡುತ್ತಾರೆ. ಗಣಿತದ ಒಗಟಿನಲ್ಲಿ ಮುಳುಗಿ ಸಮಾಜ ವಿಜ್ಞಾನ ಬಿಟ್ಟುಹೋಗಬಹುದು. ಇಷ್ಟವಿಲ್ಲದ ವಿಷಯಗಳಿಗೆ ವಾರದ ಪಟ್ಟಿಯೊಂದು ಬೇಕೇ ಬೇಕು. ಹತ್ತನೇ ತರಗತಿಯ ಕೊನೆಯ ಮೂರು ತಿಂಗಳಲ್ಲಿ ಹಳೆಯ ಪ್ರಶ್ನೆ ಪತ್ರಿಕೆ, ಗಡಿಯಾರ ನೋಡಿ ಬರೆಯುವುದು, ಮಾರ್ಕಿನ ಲೆಕ್ಕ, ಇವೆಲ್ಲ ಬರಲಿ. ಆ ಹೊತ್ತಿಗೆ ಕಲಿತದ್ದು ಕೈಯಲ್ಲಿರುವುದರಿಂದ ತೋರಿಸುವ ಗುರಿ ಆಗ ಅವಳನ್ನು ಹೆದರಿಸುವುದಿಲ್ಲ.

ಅಪ್ಪನ ಜೊತೆ ಮಾತಾಡುವುದು ಬಹುಶಃ ನಿಮಗೆ ಇದೆಲ್ಲಕ್ಕಿಂತ ಕಷ್ಟ. 'ನಿಮ್ಮಿಂದ ಹೀಗಾಯಿತು' ಎಂದು ಶುರು ಮಾಡಬೇಡಿ. ಮಗಳ ಹೆಸರು ಪೇಟೆಯಲ್ಲಿ ಕಾಣಬೇಕು ಎಂಬ ಆಸೆಯ ಹಿಂದೆ ಅವರದ್ದೇ ಓದಿನ ಕಥೆ ಏನಿದೆಯೋ, ಅದನ್ನು ಮಗಳಿಗೆ ಹೇಳಲು ಹೇಳಿ. ಅಪ್ಪ ಎಲ್ಲಿ ಎಡವಿದರು ಎಂದು ಕೇಳಿದ ಮಗು ತನ್ನ ಎಡವಿದ್ದನ್ನೂ ಹೇಳುತ್ತದೆ. ಸಂಜೆ ಅವರು ಕೇಳುವ ಪ್ರಶ್ನೆ 'ಎಷ್ಟು ಬಂತು' ಬದಲು 'ಇವತ್ತು ಏನು ತೊಡಕಾಯಿತು' ಎಂದಾದರೆ ಅರ್ಧ ಕೆಲಸ ಆದ ಹಾಗೆ.

ಒಂದು ವಿಷಯದಲ್ಲಿ ಮಾತ್ರ ಕಾಯಬೇಡಿ. ಪರೀಕ್ಷೆಯ ಬೆಳಿಗ್ಗೆ ಹೊಟ್ಟೆನೋವು, ವಾಂತಿ, ರಾತ್ರಿ ನಿದ್ದೆ ಇಲ್ಲದಿರುವುದು, ಊಟ ಬಿಡುವುದು, 'ನಾನು ಇಲ್ಲದಿದ್ದರೇ ಒಳ್ಳೆಯದಿತ್ತು' ಎಂಬಂಥ ಮಾತು, ಇವು ಗುರಿ ಬದಲಿಸಿ ಸರಿ ಮಾಡುವ ವಿಷಯಗಳಲ್ಲ. ಶಾಲೆಯ ಕೌನ್ಸಿಲರ್ ಅಥವಾ ಡಾಕ್ಟರ ಹತ್ತಿರ ಹೋಗಿ. ಟೆಲಿ ಮಾನಸ್ 14416, ಕೇರಳದ ದಿಶಾ 1056, ಎರಡೂ ಹಗಲು ರಾತ್ರಿ ಸಿಗುತ್ತವೆ.

ಕೊನೆಗೆ ಪೇಪರಿನ ವಿಷಯ. ಹೇಳಿ. ನಿಮಗೆ ಗೊತ್ತಿದೆ ಎಂದು ಅವಳಿಗೆ ಗೊತ್ತಿಲ್ಲದಿದ್ದರೆ ಇಬ್ಬರೂ ಮುಚ್ಚಿಟ್ಟ ಹಾಗಾಗುತ್ತದೆ. ತಮ್ಮ ಇಲ್ಲದ, ಅಪ್ಪ ಇಲ್ಲದ ಹೊತ್ತು ನೋಡಿ. ಅಡುಗೆಮನೆಯೇ ಆಗಲಿ, ಕೈಯಲ್ಲಿ ಏನಾದರೂ ಕೆಲಸ ಇರಲಿ, ಮುಖಕ್ಕೆ ಮುಖ ಕೊಟ್ಟು ಕೂರುವುದು ಬೇಡ. 'ಅಕ್ಕಿ ತೆಗೆಯುವಾಗ ನಿನ್ನ ಪೇಪರ್ ಸಿಕ್ಕಿತು. ಮಾರ್ಕಿನ ಬಗ್ಗೆ ಈಗ ಏನೂ ಕೇಳುವುದಿಲ್ಲ. ನೀನು ಬದಿಯಲ್ಲಿ ಏನು ಬರೆದು ಅಳಿಸಿದ್ದೆ, ಅದನ್ನು ನನಗೆ ತೋರಿಸ್ತೀಯಾ?' ಎಂದು ಕೇಳಿ. ಅತ್ತರೆ ಅಳಲಿ. ಸುಮ್ಮನಿದ್ದರೆ ನೀವೂ ಸುಮ್ಮನಿರಿ. ಒಂದು ಖಾಲಿ ಹಾಳೆ ಮತ್ತು ಪೆನ್ನು ಹತ್ತಿರದಲ್ಲೇ ಇಟ್ಟಿರಿ. ಪೆನ್ಸಿಲ್ ಬೇಡ.